ಒಂಟಿಯಾಗಿರುವ ಅಮ್ಮನಿಗೆ ವಿಡಿಯೊ ಕರೆಯಲ್ಲಿ ಮನೋವೈದ್ಯರ ಚಿಕಿತ್ಸೆ ಆಗುತ್ತಾ?

ಅಪ್ಪ ಹೋದ ಮೇಲೆ ಅಮ್ಮ ಬನಶಂಕರಿಯಲ್ಲಿ ಒಬ್ಬರೇ ಇದ್ದಾರೆ, ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಡಾಕ್ಟರ್ ಹತ್ತಿರ ಹೋಗೋಣ ಅಂದರೆ ‘ನನಗೇನು ಹುಚ್ಚಾ?’ ಅನ್ನುತ್ತಾರೆ, ನಾನಿರುವುದು ಪುಣೆಯಲ್ಲಿ ಎಂದು ಬರೆದಿದ್ದೀರಿ. ಆಗುತ್ತೆ. ಖಂಡಿತ ಪ್ರಯತ್ನ ಮಾಡಿ.

ಜಯನಗರದಲ್ಲಿರುವ ನಮ್ಮ ಸೋದರತ್ತೆಗೆ ಹೀಗೇ ಚಿಕಿತ್ಸೆ ನಡೆಯಿತು. ಅವರಿಗೆ ಕಿವಿ ಮಂದ. ಸ್ಪೀಕರ್ ಹಾಕಿದಾಗ ಡಾಕ್ಟರ್ ಏನು ಕೇಳಿದರೂ ‘ಹೂಂ, ಹೂಂ’ ಅಂತಿದ್ದರು, ಒಂದೂ ಕೇಳಿಸಿರಲಿಲ್ಲ. ಹೆಡ್‌ಫೋನ್ ಹಾಕಿ, ಮುಖಕ್ಕೆ ಬೆಳಕು ಬೀಳುವ ಹಾಗೆ ಕಿಟಕಿಯ ಎದುರು ಕೂರಿಸಿದ ಮೇಲೆ ಮಾತು ಶುರುವಾಯಿತು. ಆಮೇಲೆ ಡಾಕ್ಟರ್ ನಮ್ಮನ್ನೆಲ್ಲ ಸ್ವಲ್ಪ ಹೊತ್ತು ಆಚೆ ಕಳಿಸಿದರು. ಮಾವನ ಸಾವಿನ ಬಗ್ಗೆ ಅತ್ತೆ ಬಾಯಿಬಿಟ್ಟಿದ್ದು ಆಗಲೇ. ‘ಮಕ್ಕಳ ಮುಂದೆ ಅಳಕ್ಕಾಗಲ್ಲ ಕಣೇ’ ಅಂತ ಆಮೇಲೆ ಅವರೇ ನನಗೆ ಹೇಳಿದರು. ಅದಕ್ಕೇ ಕೇಳಿಕೊಳ್ಳುತ್ತೇನೆ, ಕರೆಯಲ್ಲಿ ಅಮ್ಮನ ಬದಲು ನೀವು ಉತ್ತರ ಕೊಡಬೇಡಿ.

ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಅಮ್ಮ ಒಪ್ಪುವ ತನಕ ಕಾಯಬೇಡಿ, ಮನೆಯವರೂ ಮಾಡಬಹುದು.

ನಿದ್ದೆ ಮಾತ್ರೆ ಬರೆಯಿರಿ ಅಂತ ಮಾತ್ರ ಹಟ ಹಿಡಿಯಬೇಡಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಚಟ ಹಿಡಿಸುವಂಥ ಕೆಲವು ಔಷಧಿಗಳನ್ನು ದೂರದಿಂದ ಬರೆಯುವ ಹಾಗಿಲ್ಲ. ವಯಸ್ಸಾದವರು ಅವುಗಳ ಅಮಲಿನಲ್ಲಿ ರಾತ್ರಿ ಎದ್ದು ಬೀಳುತ್ತಾರೆ ಕೂಡ.

ಒಂದು ಸಲವಾದರೂ ಎದುರಿಗೇ ತೋರಿಸಬೇಕು. ಥೈರಾಯ್ಡ್, ಬಿ12 ಕಡಿಮೆಯಾದರೂ ಮಂಕು ಕವಿಯುತ್ತದೆ, ಅದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು. ಖಿನ್ನತೆಯಿಂದಾದ ಮರೆವು ಯಾವುದು, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಯಾವುದು ಅಂತ ಪರದೆಯ ಮೇಲೆ ಹೇಳುವುದು ಕಷ್ಟ. ಒಂದೆರಡು ದಿನದಲ್ಲೇ ಮಾತು ಎತ್ತೆತ್ತಲೋ ಹೋದರೆ ಅದು ಸೋಂಕೋ, ಸೋಡಿಯಂ ಇಳಿದದ್ದೋ ಇರಬಹುದು. ಆಗ ಫೋನು ಬೇಡ, ಸೀದಾ ಆಸ್ಪತ್ರೆ. ‘ಬದುಕಿ ಏನು ಮಾಡಲಿ’ ಅನ್ನುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ತಕ್ಷಣ ಯಾರಾದರೂ ಜೊತೆಗಿರಲಿ.

ಕರೆಯ ದಿನ ಹೆಡ್‌ಫೋನ್ ಹಾಕಿಕೊಟ್ಟು ಆಚೆ ಕೂರುವಂಥ ಪಕ್ಕದ ಮನೆಯವರೊಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ. ಬಿಪಿ, ಶುಗರ್ ಸೇರಿ ಅಮ್ಮ ನುಂಗುವ ಎಲ್ಲ ಮಾತ್ರೆಗಳ ಫೋಟೊ ತೆಗೆಸಿ ಡಾಕ್ಟರಿಗೆ ಮೊದಲೇ ಕಳಿಸಿ.