ಉಯಿಲು ಬರೆಯದೆ ಸತ್ತವನ ಆಸ್ತಿ

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಅಮೆರಿಕದ ಹಳೆಯ ಉಯಿಲುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹವನ್ನು ತರಗತಿಯಲ್ಲಿ ಓದಿ ಹೇಳಿದೆ. ಜಾರ್ಜ್ ವಾಷಿಂಗ್ಟನ್ ಉಯಿಲಿನ ಮೂಲಕ ತನ್ನ ಗುಲಾಮರಿಗೆ ಬಿಡುಗಡೆ ಕೊಟ್ಟ ಎಂದು ಅದರಲ್ಲಿದೆ. ಆದರೆ ಅವನ ಜಮೀನಿನಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರಾಗಿಯೇ ಉಳಿದರೆಂದು ಬೇರೆ ಕಡೆ ಓದಿದ್ದೇನೆ. ಯಾವುದು ಸರಿ? ಮನಸ್ಸು ಮಾಡಿದ್ದರೆ ಎಲ್ಲರನ್ನೂ ಬಿಡಬಹುದಿತ್ತಲ್ಲವೇ ಎಂದು ಮಕ್ಕಳು ಕೇಳುತ್ತಿದ್ದಾರೆ. ಇನ್ನೊಂದು ಮಾತು: ಅಲ್ಲಿಯವರು ತಮ್ಮ ವಂಶದ ಚರಿತ್ರೆಯನ್ನು ಸತ್ತವರ ಆಸ್ತಿ ಕಾಗದಗಳಲ್ಲಿ ಹುಡುಕುವುದು ಏಕೆ?"

ಮಾನ್ಯರೇ,

ನೀವು ಓದಿದ ಎರಡೂ ಮಾತು ಸರಿ. ಆದರೆ ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕಲು ವಾಷಿಂಗ್ಟನ್ 1799ರ ಜುಲೈಯಲ್ಲಿ ತನ್ನ ಕೈಯಾರೆ ಬರೆದ ಉಯಿಲೊಂದೇ ಸಾಲದು. ಅದಕ್ಕಿಂತ 42 ವರ್ಷ ಹಿಂದೆ, ಉಯಿಲನ್ನೇ ಬರೆಯದೆ ತೀರಿಕೊಂಡ ಇನ್ನೊಬ್ಬನ ಆಸ್ತಿ ಹೇಗೆ ಹಂಚಿಕೆಯಾಯಿತು ಎಂಬುದನ್ನು ನೋಡಬೇಕು.

ಅವನು ಡೇನಿಯಲ್ ಪಾರ್ಕ್ ಕಸ್ಟಿಸ್, ವಾಷಿಂಗ್ಟನ್‌ನ ಹೆಂಡತಿ ಮಾರ್ಥಾಳ ಮೊದಲ ಗಂಡ, ವರ್ಜೀನಿಯಾದ ದೊಡ್ಡ ಸಿರಿವಂತರಲ್ಲೊಬ್ಬ. 17,000 ಎಕರೆಗೂ ಮೀರಿದ ಭೂಮಿ, ಸುಮಾರು 300 ಗುಲಾಮರು ಅವನಿಗಿದ್ದರು. 1757ರ ಜುಲೈಯಲ್ಲಿ ಅವನು ಸತ್ತಾಗ ಮಾರ್ಥಾಳಿಗೆ 26 ವರ್ಷ, ಜೊತೆಗೆ ಇಬ್ಬರು ಎಳೆಯ ಮಕ್ಕಳು. ಉಯಿಲು ಇಲ್ಲದ ಕಾರಣ ಹಂಚಿಕೆ ಕಾನೂನಿನ ಕೈಗೆ ಹೋಯಿತು. ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ವಿಧವೆಯ ಪಾಲಿಗೆ ಬಂದ ಭೂಮಿಯನ್ನೂ ಗುಲಾಮರನ್ನೂ ಅವಳು ಬದುಕಿರುವವರೆಗೆ ಅನುಭವಿಸಬಹುದು. ದುಡಿಸಿಕೊಳ್ಳಬಹುದು, ಅವರಿಂದ ಬಂದ ಆದಾಯವನ್ನು ಖರ್ಚು ಮಾಡಬಹುದು. ಆದರೆ ಅವರನ್ನು ಹೊರಗಿನವರಿಗೆ ಮಾರುವ ಹಕ್ಕಿಲ್ಲ, ಬಿಡುಗಡೆ ಮಾಡುವ ಹಕ್ಕೂ ಇಲ್ಲ. ಅವಳು ಕಣ್ಣು ಮುಚ್ಚಿದ ದಿನ ಆ ಪಾಲು ಕಸ್ಟಿಸ್ ಕುಟುಂಬದ ವಾರಸುದಾರರಿಗೆ ಮರಳಬೇಕು. ಹೀಗೆ ಮಾರ್ಥಾಳ ಪಾಲಿಗೆ 80ಕ್ಕೂ ಹೆಚ್ಚು ಜನ ಬಂದರು. 1759ರ ಜನವರಿಯಲ್ಲಿ ವಾಷಿಂಗ್ಟನ್ ಅವಳನ್ನು ಮದುವೆಯಾದಾಗ ಅವರ ಮೇಲಿನ ಯಜಮಾನಿಕೆ ಅವನ ಕೈಗೆ ಬಂದರೂ ಒಡೆತನ ಬರಲಿಲ್ಲ.

ನಲವತ್ತು ವರ್ಷಗಳಲ್ಲಿ ಆ 80 ಚಿಲ್ಲರೆ ಜನ 153 ಆದರು. ಹುಟ್ಟಿದ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ತಾಯಿ ಕಸ್ಟಿಸ್ ಪಾಲಿನವಳಾದರೆ, ತಂದೆ ಯಾರೇ ಇರಲಿ, ಮಗುವೂ ಕಸ್ಟಿಸ್ ಪಾಲಿನದೇ. ವಾಷಿಂಗ್ಟನ್‌ನ ಜಮೀನಾದ ಮೌಂಟ್ ವರ್ನನ್‌ನಲ್ಲಿ 1799ರಲ್ಲಿದ್ದ 317 ಗುಲಾಮರಲ್ಲಿ ಅವನ ಸ್ವಂತದವರು 123 ಮಂದಿ, ಕಸ್ಟಿಸ್ ಪಾಲಿನವರು 153. ಉಳಿದ ಸುಮಾರು 40 ಮಂದಿ ಹೆಚ್ಚಾಗಿ ಬೇರೆಯವರಿಂದ ಬಾಡಿಗೆಗೆ ತಂದವರು. ಎರಡು ಗುಂಪಿನವರೂ ಒಂದೇ ಹೊಲದಲ್ಲಿ ದುಡಿಯುತ್ತಿದ್ದರು, ತಮ್ಮ ತಮ್ಮಲ್ಲೇ ಮದುವೆಯಾಗಿದ್ದರು. ಉಯಿಲು ಬಿಡಿಸಬಹುದಾಗಿದ್ದದ್ದು 123 ಮಂದಿಯನ್ನು ಮಾತ್ರ. ಈ ಮದುವೆಗಳಿಂದಾಗಿ ಬಿಡುಗಡೆಯ ದಿನ ಕರುಳು ಹಿಂಡುವ ದೃಶ್ಯ ಎದುರಾಗುತ್ತದೆಂದು ವಾಷಿಂಗ್ಟನ್‌ಗೆ ಗೊತ್ತಿತ್ತು. ಉಯಿಲಿನಲ್ಲೇ ಅದನ್ನು ಹೇಳಿದ್ದಾನೆ. ಬಿಡುಗಡೆಯನ್ನು ಹೆಂಡತಿಯ ಮರಣದವರೆಗೆ ಮುಂದೂಡಲು ಅವನು ಕೊಟ್ಟ ಕಾರಣವೂ ಅದೇ. ಕೂಡಲೇ ಸ್ವತಂತ್ರನಾದವನು ಯುದ್ಧಕಾಲದಲ್ಲಿ ಅವನ ಜೊತೆಗಿದ್ದ ವಿಲಿಯಂ ಲೀ ಒಬ್ಬನೇ. ಅವನಿಗೆ ವರ್ಷಕ್ಕೆ 30 ಡಾಲರ್ ಕೊಡಬೇಕೆಂದೂ ಬರೆದ.

ಹಾಗಾದರೆ ತಪ್ಪೆಲ್ಲ ಕಾನೂನಿನದೇ? ಮಕ್ಕಳಿಗೆ ಹಾಗೆ ಹೇಳಬೇಡಿ. ಗುಲಾಮರನ್ನು ಉಯಿಲಿನಿಂದಾಗಲಿ ಪತ್ರದಿಂದಾಗಲಿ ಬಿಡುಗಡೆ ಮಾಡಲು ಮಾಲೀಕರಿಗೆ ವರ್ಜೀನಿಯಾ 1782ರಲ್ಲೇ ಅನುಮತಿ ಕೊಟ್ಟಿತ್ತು. ಸ್ವಂತದ ಜನರನ್ನು ಬಿಡಲು ಅಂದಿನಿಂದ ಯಾವ ಅಡ್ಡಿಯೂ ಇರಲಿಲ್ಲ. ವಾಷಿಂಗ್ಟನ್ ಅದಾದ ಮೇಲೆ 17 ವರ್ಷ ಬದುಕಿದ್ದ. ಕಸ್ಟಿಸ್ ಪಾಲಿನವರನ್ನು ಬಿಡಬೇಕಾದರೆ ಅವರ ಬೆಲೆಯನ್ನು ವಾರಸುದಾರರಿಗೆ ತೆರಬೇಕಿತ್ತು. ದುಬಾರಿ ಹೌದು, ಅಸಾಧ್ಯವಲ್ಲ. ಅದರ ಬದಲು ಅವನು ಮಾಡಿದ್ದೇನು? 1796ರ ಮೇ ತಿಂಗಳಲ್ಲಿ ಓನಾ ಜಡ್ಜ್ ಎಂಬ ತರುಣಿ ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯಿಂದ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಮಾರ್ಥಾ ತನ್ನನ್ನು ಮೊಮ್ಮಗಳಿಗೆ ಕೊಡಲಿದ್ದಾಳೆ ಎಂದು ಅವಳಿಗೆ ತಿಳಿದುಬಂದಿತ್ತು. ಅವಳನ್ನು ಹಿಡಿದು ತರಿಸಲು ದೇಶದ ಅಧ್ಯಕ್ಷನೇ ಜನರನ್ನು ಹಚ್ಚಿದ. ಅವಳು ಸಿಗಲಿಲ್ಲ. ಅಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, 1848ರಲ್ಲಿ ತೀರಿಕೊಂಡಳು. ಆದರೆ ಕಸ್ಟಿಸ್ ಪಾಲಿನವಳಾದ್ದರಿಂದ ವಾಷಿಂಗ್ಟನ್‌ನ ಉಯಿಲು ಅವಳನ್ನು ಮುಟ್ಟಲೇ ಇಲ್ಲ. ಕಾನೂನಿನ ಕಣ್ಣಿನಲ್ಲಿ ಸಾಯುವವರೆಗೂ ಅವಳು ಓಡಿಹೋದ ಗುಲಾಮಳೇ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಅದೇ ಸ್ಥಿತಿ.

ಅಡುಗೆಯ ಹರ್ಕ್ಯುಲಿಸ್‌ನದು ಇನ್ನೊಂದು ಬಗೆ. 1797ರ ಫೆಬ್ರವರಿಯಲ್ಲಿ ಅವನೂ ತಪ್ಪಿಸಿಕೊಂಡ. ಅವನು ವಾಷಿಂಗ್ಟನ್‌ನ ಸ್ವಂತದವನಾದ್ದರಿಂದ ಮುಂದೆ ಉಯಿಲಿನ ಪ್ರಕಾರವೇ ಸ್ವತಂತ್ರನಾದ. ಹೆಂಡತಿ ಆಲಿಸ್ ಕಸ್ಟಿಸ್ ಪಾಲಿನವಳಾಗಿದ್ದಳು. ಹಾಗಾಗಿ ಮಕ್ಕಳು ಗುಲಾಮರಾಗಿಯೇ ಉಳಿದರು. ಆ ವರ್ಷ ಮೌಂಟ್ ವರ್ನನ್‌ಗೆ ಬಂದಿದ್ದ, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ ತನ್ನ ದಿನಚರಿಯಲ್ಲಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಪ್ಪನನ್ನು ಇನ್ನು ನೋಡಲಾರೆನೆಂದು ದುಃಖವಾಗುತ್ತದೆಯೇ ಎಂದು ಅವನ ಸೇವಕ ಹರ್ಕ್ಯುಲಿಸ್‌ನ ಪುಟ್ಟ ಮಗಳನ್ನು ಕೇಳಿದನಂತೆ. ಇಲ್ಲ, ಸಂತೋಷವಾಗಿದೆ, ಅಪ್ಪ ಈಗ ಸ್ವತಂತ್ರ ಎಂದಳಂತೆ ಆ ಹುಡುಗಿ.

ವಾಷಿಂಗ್ಟನ್ 1799ರ ಡಿಸೆಂಬರ್‌ನಲ್ಲಿ ಸತ್ತ. ತನ್ನ ಸಾವಿನ ಮೇಲೆ ನೂರಕ್ಕೂ ಹೆಚ್ಚು ಜನರ ಬಿಡುಗಡೆ ನಿಂತಿರುವಾಗ ಅವರ ನಡುವೆ ಬದುಕಲು ಮಾರ್ಥಾ ಹೆದರುತ್ತಿದ್ದಳೆಂದು ಅವಳನ್ನು ಕಂಡುಬಂದ, ಅಂದಿನ ಅಧ್ಯಕ್ಷನ ಹೆಂಡತಿ ಅಬಿಗೇಲ್ ಆಡಮ್ಸ್ ಬರೆದಿದ್ದಾಳೆ. ಮಾರ್ಥಾ 1801ರ ಜನವರಿ 1ರಂದೇ ಅವರನ್ನು ಬಿಡುಗಡೆ ಮಾಡಿದಳು. ಆದರೆ ಅವಳಿಗೆ ಸಂಪೂರ್ಣ ಸ್ವಂತವಾಗಿ ಒಬ್ಬ ಗುಲಾಮನಿದ್ದ, ಎಲಿಶ್ ಎಂಬವನು. ಅವನನ್ನು ಬಿಡಲು ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಅವಳು ತನ್ನ ಉಯಿಲಿನಲ್ಲಿ ಅವನನ್ನು ಮೊಮ್ಮಗನಿಗೆ ಬರೆದುಕೊಟ್ಟಳು. 1802ರಲ್ಲಿ ಅವಳು ತೀರಿಕೊಂಡಾಗ ಕಸ್ಟಿಸ್ ಪಾಲಿನ ಜನರನ್ನು ನಾಲ್ವರು ಮೊಮ್ಮಕ್ಕಳಿಗೆ ಹಂಚಲಾಯಿತು. ಒಂದೇ ಮನೆಯವರು ನಾಲ್ಕು ದಿಕ್ಕಿಗೆ ಹೋದರು.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಆ ಮೊಮ್ಮಗ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್ ತನ್ನ ಪಾಲಿನ ಜನರನ್ನು ಆರ್ಲಿಂಗ್ಟನ್ ಎಂಬ ತನ್ನ ಜಮೀನಿನಲ್ಲಿ ಇಟ್ಟುಕೊಂಡ. ಅಜ್ಜ ಡೇನಿಯಲ್ ಸತ್ತು ಸರಿಯಾಗಿ 100 ವರ್ಷಕ್ಕೆ, 1857ರಲ್ಲಿ, ಅವನು ಸತ್ತ. ಐದು ವರ್ಷದೊಳಗೆ ಎಲ್ಲರನ್ನೂ ಬಿಡಬೇಕೆಂದು ಅವನ ಉಯಿಲಿನಲ್ಲಿತ್ತು. ಉಯಿಲನ್ನು ಜಾರಿಗೆ ತರುವ ಹೊಣೆ ಅಳಿಯ ರಾಬರ್ಟ್ ಲೀಯದು. ಆಸ್ತಿಯ ಮೇಲೆ ಸಾಲವಿತ್ತು, ಮೊಮ್ಮಗಳಂದಿರಿಗೆ ತಲಾ 10,000 ಡಾಲರ್ ಕೊಡಬೇಕಿತ್ತು. ಅದಕ್ಕಾಗಿ ಲೀ ಆ ಗುಲಾಮರನ್ನು ದುಡಿಸಿದ. ಯಜಮಾನ ಸತ್ತೊಡನೆ ತಾವು ಸ್ವತಂತ್ರರೆಂದು ನಂಬಿದ್ದ ವೆಸ್ಲಿ ನಾರಿಸ್ ಮತ್ತಿಬ್ಬರು 1859ರಲ್ಲಿ ಓಡಿಹೋಗಿ ಸಿಕ್ಕಿಬಿದ್ದರು. ತಮಗೆ ಬಿದ್ದ ಚಾಟಿ ಏಟುಗಳನ್ನು ನಾರಿಸ್ 1866ರಲ್ಲಿ ಹೇಳಿಕೊಂಡಿದ್ದಾನೆ. ಕೊನೆಗೆ ಲೀ ಬಿಡುಗಡೆ ಪತ್ರ ಸಲ್ಲಿಸಿದ್ದು 1862ರ ಡಿಸೆಂಬರ್ 29ರಂದು. ಅಷ್ಟು ಹೊತ್ತಿಗೆ ಅವನು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಸೇನೆಯೊಂದರ ದಂಡನಾಯಕ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕಪ್ಪು ಕುಟುಂಬವೊಂದು ಹಿಂದಕ್ಕೆ ಹೋಗುತ್ತ ಹೋದರೆ 1870ರ ಜನಗಣತಿಯಲ್ಲಿ ದಾರಿ ಕಡಿದುಹೋಗುತ್ತದೆ. ಎಲ್ಲ ಕಪ್ಪು ಜನರ ಹೆಸರು ಬರೆದ ಮೊದಲ ಗಣತಿ ಅದು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇವೆ. ಗುಲಾಮರ ಹೆಸರುಗಳು ಸಾಮಾನ್ಯವಾಗಿ ಇಲ್ಲ. ಆದರೆ ಮಾಲೀಕ ಸತ್ತಾಗ ನ್ಯಾಯಾಲಯ ನೇಮಿಸಿದ ನೆರೆಹೊರೆಯವರು ಕೋಣೆಯಿಂದ ಕೋಣೆಗೆ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಬೆಲೆ ಕಟ್ಟುತ್ತಿದ್ದರು. ಹಾಸಿಗೆ, ಹಂಡೆ, ಹಸುಗಳ ಸಾಲಿನಲ್ಲೇ ಮನುಷ್ಯರನ್ನೂ ಹೆಸರು ಹಿಡಿದು ಬರೆದರು. ಅನೇಕ ಕಡೆ ತಾಯಿ, ಹಸುಗೂಸು ಒಂದೇ ಸಾಲಿನಲ್ಲಿದ್ದಾರೆ. ನಂತರದ ಹಂಚಿಕೆ ಪಟ್ಟಿಯಲ್ಲಿ ಯಾರು ಯಾವ ವಾರಸುದಾರನ ಪಾಲಾದರು ಎಂಬುದು ಸಿಗುತ್ತದೆ. ಆ ಬೆಲೆಪಟ್ಟಿಯನ್ನು ಓದುವುದು ಕಷ್ಟದ ಕೆಲಸ. ಆದರೂ ಅಜ್ಜಿಯ ಅಜ್ಜಿಯ ಹೆಸರು ಎಷ್ಟೋ ಮನೆಗಳಿಗೆ ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ತರಗತಿಗೆ ಒಂದು ಸಲಹೆ. 1799ರಲ್ಲಿ ವಾಷಿಂಗ್ಟನ್ ತನ್ನವರು, ಕಸ್ಟಿಸ್ ಪಾಲಿನವರು ಎಂದು ಬೇರೆ ಬೇರೆಯಾಗಿ ಬರೆದ ಗುಲಾಮರ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಯಾರ ಗಂಡ ಯಾರು, ಹೆಂಡತಿ ಯಾವ ಜಮೀನಿನಲ್ಲಿದ್ದಾಳೆ ಎಂಬ ಟಿಪ್ಪಣಿಯೂ ಅದರಲ್ಲಿದೆ. ಮಕ್ಕಳಿಂದ ಒಂದೊಂದು ಸಂಸಾರವನ್ನು ಹುಡುಕಿಸಿ. ಬಡಗಿ ಐಸಾಕ್‌ನಿಂದ ಶುರು ಮಾಡಬಹುದು: ಅವನು ವಾಷಿಂಗ್ಟನ್‌ನ ಪಟ್ಟಿಯಲ್ಲಿದ್ದಾನೆ, ಹೆಂಡತಿ ಕಿಟ್ಟಿ ಮತ್ತು ಅವರ ಹೆಣ್ಣುಮಕ್ಕಳೆಲ್ಲ ಕಸ್ಟಿಸ್ ಪಟ್ಟಿಯಲ್ಲಿದ್ದಾರೆ.

— ಸಂಪಾದಕ