ಹಂದಿ ಹಿಡಿಯಲು ಮುಧೋಳದ ಮಿಶ್ರತಳಿ: ಸಂಪಾದಕರ ಉತ್ತರ

ಕೇರಳದ ಕಾಸರಗೋಡು ಜಿಲ್ಲೆಯ ಅಡೂರು ಕಡೆಯ ಓದುಗರೊಬ್ಬರು ಹೆಸರು ಹಾಕಬಾರದೆಂಬ ಷರತ್ತಿನೊಂದಿಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಎರಡು ಎಕರೆ ಅಡಿಕೆ ತೋಟ, ಕೆಳಗೆ ಅರ್ಧ ಎಕರೆ ಗದ್ದೆ, ಬದಿಯಲ್ಲಿ ಒಂದಷ್ಟು ಬಾಳೆ, ಮರಗೆಣಸು. ಹೋದ ವರ್ಷ ಗೆಣಸು ಒಂದು ಬುಡವೂ ಮನೆಗೆ ಬರಲಿಲ್ಲ. ಈ ವರ್ಷ ತೆನೆಗೆ ಹಾಲು ತುಂಬುವ ಹೊತ್ತಿಗೆ ಎರಡೇ ರಾತ್ರಿಯಲ್ಲಿ ಹಂದಿಗಳು ಗದ್ದೆಯನ್ನು ಹೊರಳಿ ಮಲಗಿದ ಚಾಪೆಯಂತೆ ಮಾಡಿಹೋದವು. ಗಲ್ಫಿನಲ್ಲಿರುವ ಸೋದರಳಿಯ ಆಸ್ಟ್ರೇಲಿಯದ ವೀಡಿಯೊಗಳನ್ನು ಕಳುಹಿಸುತ್ತಾನೆ. ಅದರಲ್ಲಿ ಉದ್ದಕಾಲಿನ ನಾಯಿಗಳು ಹಂದಿಯನ್ನು ಅಟ್ಟಿ, ಕಿವಿ ಕಚ್ಚಿ ನಿಲ್ಲಿಸುತ್ತವೆ. ಬಾಗಲಕೋಟೆ ಕಡೆಯ ಒಬ್ಬರಲ್ಲಿ ಮುಧೋಳಕ್ಕೂ ಪಿಟ್‌ಬುಲ್‌ಗೂ ಹುಟ್ಟಿದ ಮರಿಗಳಿವೆಯಂತೆ. ಎರಡು ತರಲೇ? ಹಂದಿಯನ್ನು ಹಿಡಿದಾವೇ? ನಾಯಿಗೆ ಎದೆಕವಚ ಎಲ್ಲಿ ಸಿಗುತ್ತದೆ? ಜೊತೆಗೊಂದು ಚುಚ್ಚುಮಾತು: “ನೀವು ಅಡಿಕೆಯ ಧಾರಣೆ ಬರೆಯುತ್ತೀರಿ, ಅಡಿಕೆ ಸಸಿ ಮಗುಚುವ ಹಂದಿಯ ಬಗ್ಗೆ ಬರೆಯುವುದಿಲ್ಲ.”

ಮಾನ್ಯರೇ,

ಚುಚ್ಚುಮಾತು ತಾಗಿತು. ತಾಗಬೇಕಾದದ್ದೇ. ಧಾರಣೆ ಬರೆಯುವುದು ಸುಲಭ, ಮಂಡಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಹಂದಿಯ ಬಗ್ಗೆ ಬರೆಯಲು ಕುಳಿತರೆ ಕಾನೂನು, ಕಾಡು, ನೆರೆಮನೆ ಎಲ್ಲವೂ ಬಂದು ಕಾಲಿಗೆ ಸುತ್ತಿಕೊಳ್ಳುತ್ತವೆ. ನಾನು ನಾಯಿಯಿಂದ ಶುರು ಮಾಡುತ್ತೇನೆ. ಕಾನೂನಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ.

ವೀಡಿಯೊದಲ್ಲಿ ನೀವು ನೋಡಿದ್ದು ಒಂದು ನಾಯಿಯ ಕೆಲಸದಂತೆ ಕಂಡರೂ ಅದು ಮೂಲತಃ ಎರಡು ನಾಯಿಗಳ ಕೆಲಸ. ಅಮೆರಿಕದ ಹಂದಿ ಬೇಟೆಗಾರರು ಇವನ್ನು ಬೇರೆಬೇರೆಯಾಗಿಯೇ ಸಾಕುತ್ತಾರೆ. ಕ್ಯಾಟಹೌಲ, ಬ್ಲ್ಯಾಕ್ ಮೌತ್ ಕರ್‌ನಂಥ ನಾಯಿಗಳು ಮೂಗಿನ ಬಲದಿಂದ ಹಂದಿಯನ್ನು ಹುಡುಕಿ, ಸುತ್ತುಗಟ್ಟಿ, ಬೊಗಳುತ್ತಾ ನಿಲ್ಲಿಸುತ್ತವೆ, ಮೈಗೆ ತಾಗುವುದಿಲ್ಲ. ಬೊಗಳುವ ಸದ್ದು ಒಂದೇ ಕಡೆ ನಿಂತಿತೆಂದರೆ ಬೇಟೆಗಾರ ಅಲ್ಲಿಯವರೆಗೆ ಹಗ್ಗದಲ್ಲಿ ಹಿಡಿದುಕೊಂಡಿದ್ದ ಎರಡನೆಯ ನಾಯಿಯನ್ನು ಬಿಡುತ್ತಾನೆ. ಅದು ಅಮೆರಿಕನ್ ಬುಲ್‌ಡಾಗ್ ಅಥವಾ ಪಿಟ್‌ಬುಲ್. ಅದರ ಕೆಲಸ ಕಿವಿಯನ್ನು ಕಚ್ಚಿ ಬಿಡದಿರುವುದು, ಅಷ್ಟೇ. ಆಸ್ಟ್ರೇಲಿಯದವರು 1970ರ ದಶಕದಲ್ಲಿ ಬುಲ್ ಟೆರಿಯರ್, ಗ್ರೇಹೌಂಡ್ ಮತ್ತು ಜರ್ಮನಿಯ ಪಾಯಿಂಟರ್ ತಳಿಗಳನ್ನು ಬೆರೆಸಿ ಬುಲ್ ಅರಬ್ ಎಂಬ ನಾಯಿಯನ್ನು ಮಾಡಿಕೊಂಡರು. ಮೂಗು ಒಬ್ಬನದು, ಕಾಲು ಇನ್ನೊಬ್ಬನದು, ದವಡೆ ಮತ್ತೊಬ್ಬನದು. ನಿಮ್ಮ ಸೋದರಳಿಯ ಕಳುಹಿಸಿದ್ದು ಬಹುಶಃ ಇದರದೇ ವೀಡಿಯೊ.

ಈಗ ಮುಧೋಳದ ನಾಯಿಯನ್ನು ಹತ್ತಿರದಿಂದ ನೋಡಿ. ಎರಡೂ ಕಾಲು ಮಡಚಿ ಪಕ್ಕದಲ್ಲಿ ಕೂತು ನೋಡಬೇಕು ಅದನ್ನು. ಉದ್ದ, ಕಿರಿದಾದ ತಲೆ. ಕಣ್ಣುಗಳು ಬದಿಗೆ ಸರಿದು ಕೂತಿರುವುದರಿಂದ ಹಿಂದಿನದೂ ಅಷ್ಟಿಷ್ಟು ಕಾಣುತ್ತದೆ. ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಮೇಲಿನಿಂದ ಎಣಿಸಬಹುದಾದ ಪಕ್ಕೆಲುಬು. ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದರೆ ಹಳೆಯ ಪಂಚೆಯಂತೆ ಮೇಲೆ ಬರುತ್ತದೆ, ಕೆಳಗೆ ಕೊಬ್ಬೇ ಇಲ್ಲ. ಓಡುವಾಗ ಒಂದೊಂದು ನೆಗೆತದಲ್ಲಿ ಎರಡು ಸಲ ನಾಲ್ಕೂ ಪಾದ ನೆಲ ಬಿಡುತ್ತವೆ. ಎಲ್ಲವೂ ಒಂದೇ ಉದ್ದೇಶಕ್ಕೆ ಕಡೆದದ್ದು: ಬಯಲಿನಲ್ಲಿ ಮೊಲ ಎದ್ದದ್ದನ್ನು ಕಂಡು, ಅದು ಇನ್ನೊಂದು ಪೊದೆ ಸೇರುವ ಮೊದಲು ಹಿಡಿಯುವುದು. ಕಣ್ಣಿಗೆ ಕಂಡರೆ ಓಟ, ಮರೆಯಾದರೆ ಆಟ ಮುಗಿಯಿತು. ಮೂಗು ಹಚ್ಚಿ ಜಾಡು ಹಿಡಿಯುವುದು ಅದರ ಜಾಯಮಾನವಲ್ಲ.

ನಿಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಏನಿದೆ? ಗೇರು ಮರಗಳು, ಅಡಿಯಲ್ಲಿ ಆಳೆತ್ತರದ ಕಮ್ಯುನಿಸ್ಟ್ ಗಿಡವೆಂಬ ಕಳೆ, ಮುಳ್ಳಿನ ಪೊದೆ, ಆಚೆ ರಬ್ಬರು, ಈಚೆ ಯಾರೋ ಕಲ್ಲು ಕಡಿದು ಹಾಗೆಯೇ ಬಿಟ್ಟುಹೋದ ಕೆಂಪುಕಲ್ಲಿನ ಕೋರೆ. ಹತ್ತು ಮಾರು ದೂರ ಕಾಣುವುದಿಲ್ಲ. ಹಂದಿ ಬರುವುದು ರಾತ್ರಿ. ಕಣ್ಣನ್ನು ನಂಬಿ ಬದುಕುವ ನಾಯಿಯನ್ನು ನೀವು ಕಣ್ಣು ಕಟ್ಟಿದ ಜಾಗಕ್ಕೆ ತರುತ್ತಿದ್ದೀರಿ. ಗಂಟೆಗೆ 40–50 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿಗೆ ಬರೆಯ (ಕಡಿದಾದ ದಿಣ್ಣೆಯ) ಅಂಚು, ಕಲ್ಲುಕೋರೆಯ ಬಾಯಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಹಂದಿ ಬೇಕಾಗಿಯೇ ಇಲ್ಲ, ನಮ್ಮ ನೆಲವೇ ಅದರ ಕಾಲು ಮುರಿಯುತ್ತದೆ.

ಹಿಡಿಯಿತೆಂದೇ ಇಟ್ಟುಕೊಳ್ಳಿ. ಮುಧೋಳದ ನಾಯಿ ಹೆಚ್ಚೆಂದರೆ 28 ಕಿಲೋ. ಬಲಿತ ಗಂಡು ಹಂದಿ 100 ಕಿಲೋ ದಾಟುತ್ತದೆ. ಅದರ ಭುಜದಿಂದ ಪಕ್ಕೆಯವರೆಗೆ ಚರ್ಮದಡಿ ಗಟ್ಟಿಯಾದ ಒಂದು ಹಲಗೆಯಿದೆ, ಗಂಡುಗಳು ತಮ್ಮೊಳಗೆ ಕಾದಾಡುವಾಗ ಅದೇ ಗುರಾಣಿ. ಕೆಳದವಡೆಯ ಕೋರೆಹಲ್ಲು ಮೇಲಿನ ಕೋರೆಗೆ ದಿನವೂ ಉಜ್ಜಿ ತಾನಾಗಿ ಹರಿತವಾಗುತ್ತದೆ; ಮಸೆಯುವ ಕಲ್ಲನ್ನು ಬಾಯಲ್ಲೇ ಇಟ್ಟುಕೊಂಡ ಪ್ರಾಣಿ ಅದು. ತಿವಿಯುವುದು ಕೆಳಗಿನಿಂದ ಮೇಲಕ್ಕೆ, ಅಂದರೆ ಉದ್ದಕಾಲಿನ ನಾಯಿಯ ಹೊಟ್ಟೆ, ತೊಡೆಸಂದು ಎಲ್ಲಿದೆಯೋ ಸರಿಯಾಗಿ ಅಲ್ಲಿಗೆ. ಎದೆಕವಚ ಎದೆಯನ್ನು ಕಾಯುತ್ತದೆ.

ನಾನು ಕಂಡದ್ದನ್ನು ಹೇಳುತ್ತೇನೆ. 1980ರ ಸುಮಾರು. ವನ್ಯಜೀವಿ ಕಾನೂನು ಬಂದು ಎಂಟು ವರ್ಷವಾಗಿತ್ತು, ನಮ್ಮ ಊರಿಗೆ ಇನ್ನೂ ತಲುಪಿರಲಿಲ್ಲ. ಸೋದರಮಾವನ ಮನೆಯ ಬೊಳ್ಳ ಎಂಬ ಬಿಳಿ ನಾಡುನಾಯಿ ಬೇಟೆಯವರ ಜೊತೆ ಹೋಗಿ ಸಂಜೆ ತಾನಾಗಿಯೇ ನಡೆದುಕೊಂಡು ಬಂತು. ಹೊಟ್ಟೆಯ ಬದಿಯಲ್ಲಿ ಬ್ಲೇಡಿನಿಂದ ಗೀರಿದಂಥ ಗಾಯ, ನನ್ನ ಕಿರುಬೆರಳಿನಷ್ಟು ಉದ್ದ. ರಕ್ತವೂ ಹೆಚ್ಚಿರಲಿಲ್ಲ. ಮಾವ ದಬ್ಬಣವನ್ನು ದೀಪದಲ್ಲಿ ಕಾಯಿಸಿ, ಅರಸಿನ ಎಣ್ಣೆಯಲ್ಲಿ ಅದ್ದಿದ ನೂಲಿನಿಂದ ನಾಲ್ಕು ಹೊಲಿಗೆ ಹಾಕಿದರು. ನಾನು ತಲೆ ಹಿಡಿದುಕೊಂಡಿದ್ದೆ. ಅದು ಒಮ್ಮೆಯೂ ಕಚ್ಚಲಿಲ್ಲ. ಮರುದಿನ ಗಂಜಿ ಕುಡಿಯಿತು, ಬಾಲ ಆಡಿಸಿತು. ಮೂರನೆಯ ದಿನ ಹೊಟ್ಟೆ ಉಬ್ಬಿ, ನಾಲ್ಕನೆಯ ದಿನ ಹಟ್ಟಿಯ ಹಿಂದೆ ಸತ್ತುಬಿದ್ದಿತ್ತು. ಹೊರಗಿನ ಗೀರು ಬಾಗಿಲು ಮಾತ್ರ, ಕೋರೆ ಒಳಗೆಲ್ಲ ಓಡಾಡಿತ್ತು ಎಂದು ಬಹಳ ವರ್ಷಗಳ ಮೇಲೆ ಒಬ್ಬ ಪಶುವೈದ್ಯರು ವಿವರಿಸಿದರು. ಇನ್ನೊಂದು ಮಾತನ್ನೂ ಅವರೇ ಹೇಳಿದರು: ಮೈಯಲ್ಲಿ ಕೊಬ್ಬಿಲ್ಲದ ಗ್ರೇಹೌಂಡ್ ಜಾತಿಯ ನಾಯಿಗಳಿಗೆ ಥಯೋಪೆಂಟೋನ್‌ನಂಥ ಅರಿವಳಿಕೆ ಕೊಟ್ಟರೆ ಬೇಗ ಎಚ್ಚರವಾಗುವುದಿಲ್ಲ, ಬೇರೆ ಮದ್ದು ಬೇಕು. ರಾತ್ರಿ ಎರಡು ಗಂಟೆಗೆ ಅಡೂರಿನಿಂದ ಜೀಪು ಮಾಡಿಕೊಂಡು ಎಲ್ಲಿಗೆ ಹೋಗುತ್ತೀರಿ?

ಕನ್ನಡದಲ್ಲಿ ಈ ವಿಷಯಕ್ಕೆ ಸಾವಿರ ವರ್ಷದ ಹಳೆಯ ದಾಖಲೆಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ ತನ್ನ ಸೇವಕ ಮಣಲೆರನಿಗೆ ‘ಏನು ಬೇಕೋ ಕೇಳು’ ಎಂದಾಗ ಅವನು ಊರು ಕೇಳಲಿಲ್ಲ, ಒಡೆಯನ ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿಯನ್ನು ಬೆಟ್ಟದ ಬದಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಮಣಲೆರ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ದಿನಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದಾಗ ನೋಡಿ, ನಾಯಿ ಹಂದಿಗಳೆರಡೂ ಕೆತ್ತನೆಯಲ್ಲಿವೆ. ಅರಸನ ನಾಯಿಗೇ ಆ ಗತಿ. ಯುರೋಪಿನ ದೊರೆಗಳೂ ಗ್ರೇಟ್ ಡೇನ್‌ನ ಪೂರ್ವಜರನ್ನು ಹಂದಿಯ ಮೇಲೆ ಬಿಡುವಾಗ ಬೆಲೆಬಾಳುವ ನಾಯಿಗಳಿಗೆ ಮಾತ್ರ ದಪ್ಪ ಬಟ್ಟೆಯ ಅಂಗಿ ಹೊಲಿಸಿ ತೊಡಿಸುತ್ತಿದ್ದರು. ಉಳಿದವು ಸಾಯಲೆಂದೇ ಹೋಗುತ್ತಿದ್ದವು.

ಪಿಟ್‌ಬುಲ್ ರಕ್ತ ಸೇರಿದರೆ ಸರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಎರಡು ತಳಿ ಬೆರೆಸುವುದೆಂದರೆ ಸಾಂಬಾರಿಗೆ ಉಪ್ಪು ಹಾಕಿದಂತಲ್ಲ. ಮುಧೋಳದ ಕಾಲು, ಪಿಟ್‌ಬುಲ್‌ನ ದವಡೆ ಎಂದು ನೀವು ಎಣಿಸುತ್ತೀರಿ. ಪಿಟ್‌ಬುಲ್‌ನ ಕಾಲು, ಮುಧೋಳದ ಚರ್ಮ ಬಂದರೆ ಮರಳಿಸುವುದು ಯಾರಿಗೆ? ಅವುಗಳ ಮಕ್ಕಳನ್ನು ಮತ್ತೆ ಕೂಡಿಸಿದರಂತೂ ಒಂದೇ ಸೂಲಿನ ಎಂಟು ಮರಿಗಳು ಎಂಟು ಬಗೆ. ಬುಲ್ ಅರಬ್ ಮಾಡಿದವರು ಸೂಲಿನಿಂದ ಸೂಲಿಗೆ ಆರಿಸುತ್ತಾ ಬಂದರು, ಬೇಡದ್ದನ್ನು ಬಿಡುತ್ತಾ ಬಂದರು. ಆ ‘ಬಿಡುವುದು’ ಎಂಬ ಮಾತಿನೊಳಗೆ ಏನೇನಿದೆ ಎಂದು ನಾನು ಇಲ್ಲಿ ಬಿಡಿಸುವುದಿಲ್ಲ. ಇನ್ನು ಬಿಡದೆ ಕಚ್ಚುವ ಹಟ, ಓಡುವುದನ್ನು ಕಂಡರೆ ಅಟ್ಟುವ ಚಟ ಎರಡೂ ಒಂದೇ ಮೈಯಲ್ಲಿ ಸೇರಿದ ನಾಯಿಗೆ ಹಂದಿ ಯಾವುದು, ನೆರೆಮನೆಯ ಕರು ಯಾವುದು, ಶಾಲೆ ಬಿಟ್ಟು ಗುಡ್ಡೆದಾರಿಯಲ್ಲಿ ಓಡಿ ಬರುವ ಮಗು ಯಾವುದು? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ತಡೆಯಲು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, ನಿಜ. ಆದರೆ ಮಗುವಿನ ಪ್ರಶ್ನೆಗೆ ಹೈಕೋರ್ಟಿನ ತೀರ್ಪು ಉತ್ತರವಲ್ಲ.

ಈಗ ಕಾನೂನು. ಆಸ್ಟ್ರೇಲಿಯದ ಹಂದಿಗಳು 1788ರಿಂದ ಈಚೆಗೆ ಹಡಗಿನಲ್ಲಿ ಬಂದ ಸಾಕುಹಂದಿಗಳ ಸಂತಾನ, ಅಲ್ಲಿ ಅವು ಹೊರಗಿನವು. ನಮ್ಮ ಹಂದಿ ಇಲ್ಲಿಯದೇ, ಹಂದಿರೂಪದ ದೈವ ಪಂಜುರ್ಲಿಯೆಂದು ನೀವೂ ನಾನೂ ಕೈಮುಗಿಯುವುದು ಅದಕ್ಕೇ. (ಕೋಲದ ಮರುದಿನವೇ ಉರುಳು ಹಾಕುವವರೂ ನಮ್ಮಲ್ಲಿದ್ದಾರೆ ಎಂಬುದು ಬೇರೆ ಮಾತು.) 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳು ಹಾಕುವುದು, ಎಬ್ಬಿಸಿ ಓಡಿಸುವುದು, ಇವುಗಳ ಪ್ರಯತ್ನ, ಎಲ್ಲವೂ ಬೇಟೆ. ಆ ಪಟ್ಟಿಯಲ್ಲಿ ‘ಕೋರ್ಸಿಂಗ್’ ಎಂಬ ಪದವೂ ಇದೆ. ಅದರ ಅರ್ಥ ಕಣ್ಣಿನಿಂದ ಬೇಟೆಯಾಡುವ ನಾಯಿಗಳನ್ನು ಬಿಟ್ಟು ಪ್ರಾಣಿಯನ್ನು ಅಟ್ಟಿಸುವುದು. ನಿಮ್ಮ ಯೋಜನೆಗೆ ಕಾಯ್ದೆ ಬರೆದವರು ಹೆಸರಿಟ್ಟೇ ಇಟ್ಟಿದ್ದಾರೆ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಉಪದ್ರವ ಕೊಡುವ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೇ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ಈ ಮೂರೂ ಕೂಡದು. ಪರವಾನಿಗೆ ಇರುವ ಕೋವಿ ಬೇಕು. ಆದೇಶದ ಅವಧಿ ಈಗ ಎಲ್ಲಿಯವರೆಗಿದೆ, ನಿಮ್ಮ ಪಂಚಾಯತಿನ ಪಟ್ಟಿಯಲ್ಲಿ ಕೋವಿಯವರು ಯಾರಿದ್ದಾರೆ ಎಂದು ಕೇಳಿ. ನಿಮ್ಮೊಬ್ಬರ ಅರ್ಜಿಗಿಂತ ಬೈಲಿನ ಹತ್ತು ಮನೆಯವರ ಸಹಿ ಇರುವ ಅರ್ಜಿ ಬೇಗ ನಡೆಯುತ್ತದೆ. ಅಂಥ ತಂಡದ ಜೊತೆ ನಾಯಿಗಳು ಬಂದರೆ ಗಮನಿಸಿ: ಅವು ಪೊದೆಗೆ ನುಗ್ಗಿ ಬೊಗಳುವ ಕುಳ್ಳು ನಾಡುನಾಯಿಗಳು. ಎಬ್ಬಿಸುವುದು ಅವುಗಳ ಕೆಲಸ, ಉಳಿದದ್ದು ಕೋವಿಯದು. ಹಾಳಾದ ಗದ್ದೆಯ ಫೋಟೊ ತೆಗೆದಿಟ್ಟು ಅರಣ್ಯ ಇಲಾಖೆಗೆ ನಷ್ಟಪರಿಹಾರದ ಅರ್ಜಿಯನ್ನೂ ಹಾಕಿ. ಸಿಗುವುದು ನೆಡುವ ಗೆಣಸಿನ ಕಡ್ಡಿಯ ಖರ್ಚಿಗೂ ಸಾಲದು ಎಂದು ಗೊಣಗುತ್ತೀರಿ, ಗೊಣಗಿಕೊಂಡೇ ಹಾಕಿ.

ಮತ್ತೊಂದು, ಇದು ನಿಮಗೆ ಹಿಡಿಸಲಾರದು. ನಿಮ್ಮ ಗದ್ದೆಯ ಮೇಲಿನ ಮೂರು ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿವೆಯೆಂದು ಪತ್ರದ ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಹಂದಿ ಹಗಲು ಮಲಗುವುದು ಕಾಡಿನಲ್ಲಲ್ಲ, ಅಲ್ಲಿ. ಆ ಹುಲ್ಲು ಸವರದೆ ಎಷ್ಟು ನಾಯಿ ಸಾಕಿದರೂ ಅಷ್ಟೇ. ಮಾಲೀಕರು ಮಂಗಳೂರಿನಲ್ಲಿದ್ದರೆ ಫೋನ್ ಮಾಡಿ ಒಪ್ಪಿಗೆ ಪಡೆದು ನೀವೇ ಸವರಿಸಿ, ಖರ್ಚು ನಾಯಿಯ ಬೆಲೆಗಿಂತ ಕಡಿಮೆ. ಹಳಬರು ತೋಟದ ಸುತ್ತ ಅಗಳು ತೆಗೆದು, ಆ ಮಣ್ಣಿನಿಂದಲೇ ಒಳಬದಿಗೆ ಪಾಗಾರ ಏರಿಸುತ್ತಿದ್ದರು. ನಿಮ್ಮ ಅಜ್ಜನ ಅಗಳು ಹೂಳು ತುಂಬಿ ಅಲ್ಲೇ ಇರಬೇಕು, ಹುಡುಕಿ. ಗೆಣಸಿನ ಸುತ್ತ ಸೌರಬೇಲಿ ಹಾಕುವುದಾದರೆ ಮೊದಲ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಹಂದಿ ಮೂಗಿನಿಂದ ಬರುವ ಪ್ರಾಣಿ. ಹುಲ್ಲು ತಾಗಿದರೆ ಕರೆಂಟು ಸೋರುತ್ತದೆ, ವಾರಕ್ಕೊಮ್ಮೆ ಸವರಬೇಕು. ಈ ಸವರುವ ಕೆಲಸಕ್ಕೆ ಸೋಮಾರಿತನ ಮಾಡಿಯೇ ನಮ್ಮಲ್ಲಿ ಅರ್ಧದಷ್ಟು ಬೇಲಿಗಳು ಸತ್ತಿವೆ. ನಮ್ಮದೂ ಸೇರಿ.

ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ “ಒಂದು ಮರಿಗೆ ಮುಂಗಡ ಕೊಟ್ಟಾಗಿದೆ” ಎಂದಿದೆ. ಅದನ್ನು ಮೊದಲ ಪುಟದಲ್ಲೇ ಬರೆಯಬಹುದಿತ್ತು. ಮುಂಗಡ ಬಿಟ್ಟರೂ ಅಡ್ಡಿಯಿಲ್ಲ. ಮುಧೋಳವೇ ಬೇಕೆಂದಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ, ಶುದ್ಧ ತಳಿಯ ಬಗ್ಗೆ ಅಲ್ಲಿ ವಿಚಾರಿಸಿ. ಮರಿ ಬಂದೇಬಿಟ್ಟರೆ ಆರೆಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ತಿಂಗಳಿಗೆ ರೇಬೀಸಿನದು. ಇಲಿಜ್ವರದ ಲಸಿಕೆಯನ್ನು ಬಿಡಬೇಡಿ, ಆ ರೋಗಾಣು ಹಂದಿಯ ಮೂತ್ರದಲ್ಲೂ ಇರುತ್ತದೆ, ನಾಯಿಯಿಂದ ನಿಮಗೂ ಬರುತ್ತದೆ. ಅಂಗಳಕ್ಕೆ ಎತ್ತರದ ಬೇಲಿ ಬೇಕು, ಆಳೆತ್ತರವನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ರಾತ್ರಿ ಗುಡ್ಡೆಗೆ ಬಿಡಬೇಡಿ. ಕಾರಡ್ಕ, ಮುಳಿಯಾರು ಕಡೆ ಚಿರತೆ ಓಡಾಡಿದ ಸುದ್ದಿ ನೀವೂ ಓದಿದ್ದೀರಿ, ಚಿರತೆಗೆ ನಾಯಿಯಷ್ಟು ರುಚಿ ಬೇರೊಂದಿಲ್ಲ. ಪಂಚಾಯತಿನಿಂದ ಪರವಾನಿಗೆಯನ್ನೂ ಮಾಡಿಸಿಕೊಳ್ಳಿ. ಅದಕ್ಕಿರುವ 1998ರ ನಿಯಮಾವಳಿಯ ಹೆಸರು ಕೇಳಿದರೆ ನಗುತ್ತೀರಿ: ಕೇರಳ ಪಂಚಾಯತ್ ರಾಜ್ ಹಂದಿ ಮತ್ತು ನಾಯಿಗಳ ಪರವಾನಿಗೆ ನಿಯಮಗಳು.

ಸಂಪಾದಕ