ಪ್ರಶ್ನೋತ್ತರ: 600 ಸಿಸಿ ಸ್ಪೋರ್ಟ್ಸ್ ಬೈಕ್‌ಗೆ ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆತ ಯಾಕಿಲ್ಲ?

ಪ್ರಶ್ನೆ: ನನ್ನದು ಯಮಾಹಾ ಆರ್6, ಗೆಳೆಯನದು ಆರ್7. ನನ್ನದಕ್ಕೆ 118 ಅಶ್ವಶಕ್ತಿ, ಅವನದಕ್ಕೆ 73. ಆದರೂ ನಿಧಾನವಾಗಿ ಹೋಗುತ್ತಿರುವಾಗ ಇಬ್ಬರೂ ಒಟ್ಟಿಗೆ ಥ್ರಾಟಲ್ ತಿರುಗಿಸಿದರೆ ಅವನೇ ಮುಂದೆ ಹೋಗುತ್ತಾನೆ. ನನ್ನ ಎಂಜಿನ್‌ನಲ್ಲಿ ಏನಾದರೂ ದೋಷವಿದೆಯೇ?

ಉತ್ತರ: ದೋಷವಿಲ್ಲ, ಆ ಎಂಜಿನ್ ಕಟ್ಟಿರುವುದೇ ಹಾಗೆ. ಆರ್6ನ ನಾಲ್ಕು ಸಿಲಿಂಡರ್‌ಗಳ ಬೋರ್ (ಸಿಲಿಂಡರ್‌ನ ಅಗಲ) 67 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಬರೀ 42.5 ಮಿ.ಮೀ. ಆರ್7ನ ಎರಡು ಸಿಲಿಂಡರ್‌ಗಳದು 80 ಮತ್ತು 68.6. ಆರ್6 ತನ್ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 61.7 ಎನ್‌ಎಂ (ನ್ಯೂಟನ್ ಮೀಟರ್) ಕೊಡುವುದು 10,500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಆರ್7 6,500ಕ್ಕೇ 67 ಎನ್‌ಎಂ ಕೊಟ್ಟುಬಿಡುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ, ಅದನ್ನು 1.36ರಿಂದ ಗುಣಿಸಿದರೆ ಅಶ್ವಶಕ್ತಿ. ಲೆಕ್ಕ ಹಾಕಿ ನೋಡಿ: 6,500ರಲ್ಲಿ ಅವನ ಗಾಡಿಯಿಂದ ಆಗಲೇ ಸುಮಾರು 62 ಅಶ್ವಶಕ್ತಿ ಬರುತ್ತಿರುತ್ತದೆ. ನಿಮ್ಮದು ಪೂರ್ತಿ ಶಕ್ತಿ ಕೊಡುವುದು 14,500ರಲ್ಲಿ. 6,500 ಎಂದರೆ ಅದಕ್ಕೆ ಅರ್ಧ ದಾರಿಯೂ ಅಲ್ಲ.

ಉದ್ದ ಸ್ಟ್ರೋಕ್ ಇಟ್ಟುಕೊಂಡೇ 14,500ರವರೆಗೆ ತಿರುಗಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಪಿಸ್ಟನ್ ವೇಗ ಅಡ್ಡ ಬರುತ್ತದೆ. ಗರಿಷ್ಠ ಶಕ್ತಿಯ ಹೊತ್ತಿಗೆ ಆರ್6ನ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20.5 ಮೀಟರ್, 8,750 ಆರ್‌ಪಿಎಂನಲ್ಲಿ ಆರ್7ನದು 20. ಎಷ್ಟು ಹತ್ತಿರ ನೋಡಿ! 68.6 ಮಿ.ಮೀ. ಸ್ಟ್ರೋಕ್‌ನಲ್ಲಿ 14,500 ತಿರುಗಿಸಿದರೆ ಅದು 33 ಮೀಟರ್ ಆಗುತ್ತದೆ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್ ಅಷ್ಟನ್ನು ತಾಳುವುದಿಲ್ಲ.

ಹಾಗಾಗಿ ಓವರ್‌ಟೇಕ್ ಮಾಡುವ ಮೊದಲೇ ಎರಡು ಗೇರ್ ಇಳಿಸಿ. ಆರ್‌ಪಿಎಂ ಮುಳ್ಳು 10,000ದ ಆಚೆ ಇದ್ದರೆ ಆರ್6 ಬೇರೆಯೇ ಗಾಡಿ. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಮಾತ್ರ ಅಷ್ಟು ಮೇಲಕ್ಕೆ ಒಯ್ಯಬೇಡಿ.

ಪ್ರಶ್ನೆ: ಅದೇ ಬೈಕ್‌ಗೆ ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) 16 ಹಲ್ಲಿನದರ ಬದಲು 15ರದು ಹಾಕಿದರೆ ಎಳೆತ ಹೆಚ್ಚುತ್ತದೆಯೇ? ಹಿಂದಿನದು 45.

ಉತ್ತರ: ಹೆಚ್ಚುತ್ತದೆ, ಖರ್ಚು ಕಡಿಮೆ ಇರುವ ದಾರಿಯೂ ಅದೇ. ಅನುಪಾತ 2.81ರಿಂದ 3.00ಕ್ಕೆ ಏರುತ್ತದೆ, ಪ್ರತಿ ಗೇರ್‌ನಲ್ಲೂ ಎಳೆತ ಶೇ 6.7 ಜಾಸ್ತಿ, ಅದೇ ವೇಗಕ್ಕೆ ಆರ್‌ಪಿಎಂ ಕೂಡ ಅಷ್ಟೇ ಜಾಸ್ತಿ. ಮುಂದೆ 16 ಇಟ್ಟುಕೊಂಡು ಹಿಂದೆ 48 ಹಾಕಿದರೂ ಅನುಪಾತ ಅದೇ 3.00. ಆದರೆ ಆಗ ಹಿಂದಿನ ಚಕ್ರ ಸುಮಾರು 12 ಮಿ.ಮೀ. ಮುಂದಕ್ಕೆ ಬರಬೇಕು, ಚೈನ್ ಬಿಗಿ ಹೊಂದಿಸುವ ಅಡ್ಜಸ್ಟರ್‌ನಲ್ಲಿ ಜಾಗ ಸಾಲದಿದ್ದರೆ ಉದ್ದದ ಚೈನ್ ಬೇಕು. 15ರದು ಹಾಕಿದರೆ ಚಕ್ರ 4 ಮಿ.ಮೀ. ಹಿಂದಕ್ಕೆ ಸರಿದರೆ ಸಾಕು. ಸಣ್ಣ ಸ್ಪ್ರಾಕೆಟ್‌ನಲ್ಲಿ ಚೈನ್ ಹೆಚ್ಚು ಬಾಗುತ್ತದೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ರಬ್ಬರ್ ಬೇಗ ಸವೆಯುತ್ತದೆ. ಅದನ್ನು ಆಗಾಗ ನೋಡುತ್ತಿರಿ. ವೇಗದ ಸೆನ್ಸರ್ ಗೇರ್‌ಬಾಕ್ಸ್ ಬಳಿ ಇರುವ ಗಾಡಿಯಾದರೆ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ.

ಸ್ಪ್ರಾಕೆಟ್ ನಟ್ಟನ್ನು ಚೈನ್ ಬಿಚ್ಚುವ ಮೊದಲೇ ಸಡಿಲಿಸಿ: ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಸುಲಭ. ಚೈನ್ ಕಳಚಿದ ಮೇಲೆ ಹಿಡಿತ ಸಿಗುವುದಿಲ್ಲ. ಮಡಚುವ ಲಾಕ್ ವಾಷರ್ ಹೊಸದೇ ಇರಲಿ.

ಪ್ರಶ್ನೆ: ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಹಾಕಲು ಬಿಡುವ ಸಾಧನ) ಬಳಸಿದಾಗ ಒಮ್ಮೊಮ್ಮೆ ಗೇರ್ ಬೀಳದೆ ಎಂಜಿನ್ ಸುಮ್ಮನೆ ಕೂಗುತ್ತದೆ. ಗೇರ್‌ಬಾಕ್ಸ್ ಹೋಯಿತೇ?

ಉತ್ತರ: ಮೊದಲು ನಿಮ್ಮ ಕಾಲು ನೋಡಿಕೊಳ್ಳಿ. ಗೇರ್ ರಾಡ್‌ನಲ್ಲಿರುವ ಸೆನ್ಸರ್ ಒತ್ತಡ ಕಂಡ ಕೂಡಲೇ ಕ್ಷಣಮಾತ್ರ ಇಗ್ನಿಷನ್ ಕಡಿಯುತ್ತದೆ. ಬೂಟಿನ ತುದಿಯನ್ನು ಲಿವರ್‌ಗೆ ತಾಗಿಸಿಕೊಂಡೇ ಇದ್ದು ಅರೆಮನಸ್ಸಿನಿಂದ ಎತ್ತಿದರೆ, ಗೇರ್ ಪೂರ್ತಿ ಕೂರುವ ಮೊದಲೇ ಆ ಕಡಿತ ಮುಗಿದುಹೋಗುತ್ತದೆ. ಥ್ರಾಟಲ್ ಹಿಡಿದೇ, ಒಂದೇ ಏಟಿಗೆ ಕೊನೆಯವರೆಗೆ ಎತ್ತಿ. ಕಡಿಮೆ ಆರ್‌ಪಿಎಂನಲ್ಲಿ ಕ್ಲಚ್ ಬಳಸಿ. ಆಮೇಲೂ ಹಾಗೇ ಆದರೆ ಚೈನ್ ಸಡಿಲ, ಲಿವರ್‌ನ ಎತ್ತರ, ರಾಡ್‌ನ ಕೀಲುಗಳ ಆಟ ನೋಡಿ. ಕ್ಲಚ್ ಹಿಡಿದು ಹಾಕಿದರೂ ಗೇರ್ ಹಾರುತ್ತಿದ್ದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚುವ ಮಾತು.

ಪ್ರಶ್ನೆ: ಉಬ್ಬುತಗ್ಗಿನ ತಿರುವಿನಲ್ಲಿ ಹಿಂಭಾಗ ಒದೆಯುತ್ತದೆ. ಸ್ಪ್ರಿಂಗ್ ಗಟ್ಟಿಯಾಗಿದೆ ಎಂದುಕೊಂಡು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ) ಇಳಿಸಿದೆ, ಪ್ರಯೋಜನವಾಗಲಿಲ್ಲ.

ಉತ್ತರ: ಪ್ರೀಲೋಡ್‌ನಿಂದ ಸ್ಪ್ರಿಂಗ್‌ನ ಗಟ್ಟಿತನ ಬದಲಾಗುವುದಿಲ್ಲ, ಗಾಡಿ ಕೂರುವ ಎತ್ತರವಷ್ಟೇ ಬದಲಾಗುತ್ತದೆ. ಆದ್ದರಿಂದ ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಎಷ್ಟು ತಗ್ಗುತ್ತದೆ ಎಂಬುದನ್ನು, ಅಳೆಯಿರಿ. ಇಬ್ಬರು ಸಹಾಯಕ್ಕೆ ಬೇಕು.

ಮೊದಲು ಟಯರ್ ತಣ್ಣಗಿರುವಾಗ ಗಾಳಿ ಸರಿಮಾಡಿ. ಈ ವರ್ಗದ ಬಹುತೇಕ ಬೈಕ್‌ಗಳ ಕೈಪಿಡಿಯಲ್ಲಿ ಮುಂದೆ 36, ಹಿಂದೆ 42 ಪಿಎಸ್‌ಐ ಇರುತ್ತದೆ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿ ಎತ್ತಿ, ಆಕ್ಸೆಲ್‌ನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಹಾಕಿ ದೂರ ಬರೆದುಕೊಳ್ಳಿ. ಇಳಿಸಿ, ಹೆಲ್ಮೆಟ್, ಜಾಕೆಟ್ ಹಾಕಿಕೊಂಡು ಓಡಿಸುವ ಭಂಗಿಯಲ್ಲೇ ಕುಳಿತುಕೊಳ್ಳಿ. ಒಬ್ಬರು ಹಿಂಭಾಗವನ್ನು ಒತ್ತಿ ಮೆಲ್ಲಗೆ ಬಿಡಲಿ, ಅಳೆಯಿರಿ. ಎತ್ತಿ ಮೆಲ್ಲಗೆ ಬಿಡಲಿ, ಮತ್ತೆ ಅಳೆಯಿರಿ. ಎರಡರ ಸರಾಸರಿಯನ್ನು ಮೊದಲ ಅಳತೆಯಿಂದ ಕಳೆದರೆ ಸ್ಯಾಗ್. ರಸ್ತೆಗೆ ಹಿಂದೆ 30ರಿಂದ 35 ಮಿ.ಮೀ., ಮುಂದೆ 35ರಿಂದ 40 ಸರಿ.

ನೀವು ಇಳಿದ ಮೇಲೆ ಗಾಡಿ ತನ್ನ ಭಾರಕ್ಕೇ 5ರಿಂದ 10 ಮಿ.ಮೀ. ತಗ್ಗಬೇಕು. ಕುಳಿತಾಗ ಸ್ಯಾಗ್ ಸರಿ ಬಂದು, ಇಳಿದಾಗ ಒಂದಿಷ್ಟೂ ತಗ್ಗದಿದ್ದರೆ ನಿಮ್ಮ ತೂಕಕ್ಕೆ ಆ ಸ್ಪ್ರಿಂಗ್ ಮೆದು, ಬದಲಿಸುವುದೊಂದೇ ದಾರಿ.

ಸ್ಯಾಗ್ ಸರಿಯಿದ್ದೂ ಒದ್ದರೆ ರಿಬೌಂಡ್ (ಒತ್ತಿದ ಸ್ಪ್ರಿಂಗ್ ಮರಳುವ ವೇಗವನ್ನು ತಡೆಯುವ ಹೊಂದಿಕೆ) ಕಡೆ ನೋಡಿ. ಅದರ ಸ್ಕ್ರೂ ಪೂರ್ತಿ ಒಳಗೆ ಹೋಗುವವರೆಗೆ ಕ್ಲಿಕ್ ಎಣಿಸಿ, ಬರೆದಿಟ್ಟು, ಅದೇ ಜಾಗಕ್ಕೆ ತನ್ನಿ. ಒಂದು ಉಬ್ಬಿಗೆ ಹಿಂಭಾಗ ಪುಟಿದೆದ್ದು ತೂಗಾಡಿದರೆ ಎರಡು ಕ್ಲಿಕ್ ಒಳಗೆ. ಸಾಲು ಉಬ್ಬುಗಳ ಮೇಲೆ ಹೋಗುತ್ತಾ ಹೋಗುತ್ತಾ ಗಟ್ಟಿಯಾದಂತೆ ಅನ್ನಿಸಿದರೆ, ಚಕ್ರ ಕೆಳಗೆ ಮರಳುವ ಮುಂಚೆಯೇ ಮುಂದಿನ ಉಬ್ಬು ಬರುತ್ತಿದೆ ಎಂದರ್ಥ. ಎರಡು ಕ್ಲಿಕ್ ಹೊರಗೆ ತಿರುಗಿಸಿ ಅದೇ ತಿರುವಿನಲ್ಲಿ ಮತ್ತೆ ಓಡಿಸಿ ನೋಡಿ.